ಬೆಳ್ಳಿತೆರೆಯ ಮಹಾಮಿಡತೆ

ಸೈನಿಕರು ಸಾಲುಗಟ್ಟಿ ನಿಂತು ಗುಂಡಿನ ಮಳೆಗರೆಯುತ್ತಾರೆ. ಎದುರಿನಿಂದ ಬರುವ ರಾಕ್ಷಸಜಂತುವಿಗೆ ಅದರ ಪರಿವೆಯೇ ಇಲ್ಲ. ಸೇನಾಧಿಪತಿಯು ಅಣುಬಾಂಬಿನ ಮಾತನ್ನೆತ್ತುತ್ತಾನೆ. ಕೊನೆಯ ಗಳಿಗೆಯಲ್ಲಿ ವಿಜ್ಞಾನಿಯೊಬ್ಬನು ಉಪಾಯ ಕಂಡುಹಿಡಿದು ಲೋಕವನ್ನು ಉಳಿಸುತ್ತಾನೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಅಲ್ಪ ಬಂಡವಾಳದಿಂದ ತಯಾರಾದ ಅನೇಕ ಭಯಾನಕ ಚಲಚ್ಚಿತ್ರಗಳ ಸಾರ ಇಷ್ಟೇ. 1954ರ 'ದೆಮ್!' ಚಿತ್ರದಲ್ಲಿ ಶತ್ರು ಇರುವೆ. 1955ರ 'ಟರಾಂಟುಲಾ'ದಲ್ಲಿ ಜೇಡ. 1957ರ 'ಬಿಗಿನಿಂಗ್ ಆಫ್ ದಿ ಎಂಡ್' ಚಿತ್ರದಲ್ಲಿ ಮಿಡತೆ. ಈ ಕೊನೆಯ ಚಿತ್ರವನ್ನೇ ವಿಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡೋಣ.

ಇದನ್ನು ನಿರ್ಮಿಸಿ ನಿರ್ದೇಶಿಸಿದವನು ಬರ್ಟ್ ಐ. ಗಾರ್ಡನ್ (1922–2023). ಅವನ ಹೆಸರಿನ ಮೂರು ಮೊದಲಕ್ಷರಗಳನ್ನು ಕೂಡಿಸಿ ಓದಿದರೆ ಇಂಗ್ಲಿಷಿನಲ್ಲಿ 'ಬಿಗ್', ಎಂದರೆ 'ದೊಡ್ಡದು', ಎಂದಾಗುತ್ತದೆ. ಸಾಮಾನ್ಯ ಜೀವಿಗಳನ್ನು ದೈತ್ಯಾಕಾರವಾಗಿ ತೋರಿಸುವುದೇ ಅವನ ಕಸುಬಾಗಿದ್ದುದರಿಂದ ಈ ಅಡ್ಡಹೆಸರು ಅವನಿಗೆ ಚೆನ್ನಾಗಿ ಒಪ್ಪಿತು. ಕಥೆ ಹೀಗಿದೆ: ಇಲಿನಾಯ್ ಪ್ರಾಂತದ ಕೃಷಿಕೇಂದ್ರವೊಂದರಲ್ಲಿ ವಿಕಿರಣದ ನೆರವಿನಿಂದ ಭಾರಿ ಗಾತ್ರದ ತರಕಾರಿಗಳನ್ನು ಬೆಳೆಸುತ್ತಾರೆ. ಅವನ್ನು ತಿಂದ ಮಿಡತೆಗಳು ದೈತ್ಯರಾಗಿ ಬೆಳೆದು, ಸೈನ್ಯವನ್ನು ಹಿಮ್ಮೆಟ್ಟಿಸಿ, ಷಿಕಾಗೋ ನಗರವನ್ನು ಮುತ್ತುತ್ತವೆ.

ಲೆಕ್ಕ ಏನು ಹೇಳುತ್ತದೆ?

ಮಿಡತೆಯೊಂದರ ಉದ್ದ 5 ಸೆಂಟಿಮೀಟರ್, ತೂಕ 2 ಗ್ರಾಂ ಎಂದಿಟ್ಟುಕೊಳ್ಳಿ. ಆಕಾರ ಕೆಡದಂತೆ ಅದು ನೂರುಮಡಿ ಬೆಳೆಯಿತೆನ್ನೋಣ. ಉದ್ದ 5 ಮೀಟರ್ ಆಯಿತು. ಆದರೆ ಉದ್ದದಂತೆಯೇ ಅಗಲವೂ ಎತ್ತರವೂ ನೂರುಮಡಿಯಾದವಷ್ಟೆ? ಆದುದರಿಂದ ಘನಫಲವೂ ತೂಕವೂ 100 × 100 × 100, ಎಂದರೆ ಹತ್ತು ಲಕ್ಷ ಮಡಿಯಾಗುತ್ತವೆ. ಎರಡು ಗ್ರಾಮಿನ ಹುಳು ಎರಡು ಟನ್ನಿನ ಪ್ರಾಣಿಯಾಯಿತು!

ಈ ಭಾರವನ್ನು ಹೊರಬೇಕಾದುದು ಕಾಲು. ಕಾಲಿನ ಬಲವು ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅನುಸರಿಸುತ್ತದೆ. ಅದು ಹೆಚ್ಚಿದ್ದು 100 × 100, ಹತ್ತು ಸಾವಿರ ಮಡಿ ಮಾತ್ರ. ಭಾರ ಹತ್ತು ಲಕ್ಷ ಮಡಿ, ಬಲ ಹತ್ತು ಸಾವಿರ ಮಡಿ: ಕಾಲಿನ ಪ್ರತಿಯೊಂದು ಅಂಶದ ಮೇಲೂ ಹಿಂದಿಗಿಂತ ನೂರರಷ್ಟು ಒತ್ತಡ. ನಿಮ್ಮಷ್ಟೇ ತೂಕದ ತೊಂಬತ್ತೊಂಬತ್ತು ಮಂದಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುವುದನ್ನು ಊಹಿಸಿಕೊಳ್ಳಿ. ಮಹಾಮಿಡತೆಯನ್ನು ಕೆಡಹಲು ಸೈನ್ಯವೇ ಬೇಡ. ಎದ್ದು ನಿಲ್ಲಹೋದಾಗಲೇ ಅದರ ಕಾಲುಗಳು ಮುರಿದಾವು.

ಈ ನಿಯಮವನ್ನು ಗೆಲಿಲಿಯೋ 1638ರಷ್ಟು ಹಿಂದೆಯೇ ವಿವರಿಸಿದ್ದನು. ಜೀವಿಗಳ ಗಾತ್ರದ ಮೇಲೆ ಇದೇ ವಿಚಾರವನ್ನು ಸೊಗಸಾಗಿ ಹರಡಿದವರು ಜೆ.ಬಿ.ಎಸ್. ಹಾಲ್ಡೇನ್, ಅವರ ಪ್ರಸಿದ್ಧ ಪ್ರಬಂಧ ಬಂದದ್ದು 1926ರಲ್ಲಿ. ಈ ಚಿತ್ರ ತೆರೆಕಂಡ 1957ರಲ್ಲಿಯೇ ಅವರು ಭಾರತಕ್ಕೆ ಬಂದು ನೆಲೆಸಿದರು. 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಇನ್ನು ಉಸಿರಾಟದ ಪ್ರಶ್ನೆ. ಕೀಟಗಳಿಗೆ ನಮ್ಮಂತೆ ಶ್ವಾಸಕೋಶಗಳಿಲ್ಲ. ಮೈಯ ಪಕ್ಕಗಳಲ್ಲಿರುವ ರಂಧ್ರಗಳಿಂದ ಹೊರಟ ನಾಳಗಳು ಕವಲೊಡೆದು ಜೀವಕೋಶಗಳವರೆಗೂ ಗಾಳಿಯನ್ನು ಒಯ್ಯುತ್ತವೆ. ಅತ್ಯಂತ ಸೂಕ್ಷ್ಮವಾದ ಕವಲುಗಳಲ್ಲಿ ಆಮ್ಲಜನಕವು ತಾನಾಗಿ ಹರಡಿಕೊಂಡು ಮುಂದೆ ಸಾಗಬೇಕು. ಹೀಗೆ ಹರಡಲು ಬೇಕಾದ ಕಾಲವು ದೂರದ ವರ್ಗದಂತೆ ಹೆಚ್ಚುತ್ತದೆ. ದೂರ ನೂರುಮಡಿಯಾದರೆ ಕಾಲ ಹತ್ತು ಸಾವಿರ ಮಡಿ. ಸುಮಾರು 30 ಕೋಟಿ ವರ್ಷಗಳ ಹಿಂದೆ, ವಾತಾವರಣದಲ್ಲಿ ಆಮ್ಲಜನಕವು ಇಂದಿಗಿಂತ ಹೆಚ್ಚಾಗಿದ್ದಾಗ, ಏರೋಪ್ಲೇನ್ ಚಿಟ್ಟೆಯ ನೆಂಟನಾದ ಮೆಗನ್ಯೂರ ಎಂಬ ಕೀಟವಿದ್ದಿತು. ಅದರ ರೆಕ್ಕೆಗಳ ಹರವು ಕೂಡ ಮುಕ್ಕಾಲು ಮೀಟರನ್ನು ಮುಟ್ಟಲಿಲ್ಲ.

ವಿಕಿರಣದಿಂದ ದೈತ್ಯರಾಗುವರೇ?

ಈ ಕಲ್ಪನೆಯಲ್ಲಿ ಸತ್ಯದ ಕಾಳೊಂದು ಅಡಗಿದೆ. ಎಕ್ಸ್-ಕಿರಣಗಳು ಆನುವಂಶಿಕ ಗುಣಗಳನ್ನು ಬದಲಿಸುತ್ತವೆಂದು ಹರ್ಮನ್ ಮಲ್ಲರ್ 1927ರಲ್ಲಿ ತೋರಿಸಿಕೊಟ್ಟರು. ನಮ್ಮ ಟ್ರಾಂಬೆಯ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಇದೇ ಮಾರ್ಗದಿಂದ ದಪ್ಪ ಬೀಜದ ನೆಲಗಡಲೆ ತಳಿಗಳನ್ನು ಪಡೆದಿದ್ದಾರೆ. ಆದರೆ ಅವನ್ನು ತಿಂದವರು ದಪ್ಪವಾಗುವುದಿಲ್ಲ! ಬೀಜದಲ್ಲಿ ಆದ ಬದಲಾವಣೆಯು ಆ ಸಸ್ಯದ ಸಂತತಿಗೆ ಸೇರಿದ್ದು. ತಿಂದವನ ಹೊಟ್ಟೆಯಲ್ಲಿ ಅದು ಜೀರ್ಣವಾಗಿ ಹೋಗುತ್ತದೆ.

ಪ್ರಬಲ ವಿಕಿರಣವು ಬೆಳೆದ ಜೀವಿಗೆ ಮಾಡುವುದೇನೆಂಬುದನ್ನು ಜಗತ್ತು 1954ರ ಮಾರ್ಚ್ 1ರ ಬಳಿಕ ಕಂಡಿತು. ಅಂದು ಬಿಕಿನಿ ದ್ವೀಪದಲ್ಲಿ ಅಮೆರಿಕವು ಜಲಜನಕ ಬಾಂಬನ್ನು ಪರೀಕ್ಷಿಸಿದಾಗ, ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನೀ ದೋಣಿಯ 23 ಮಂದಿಯ ಮೇಲೆ ವಿಕಿರಣಯುಕ್ತ ಬೂದಿ ಸುರಿಯಿತು. ಅವರು ದೈತ್ಯರಾಗಲಿಲ್ಲ, ಕಾಯಿಲೆ ಬಿದ್ದರು. ದೋಣಿಯ ರೇಡಿಯೋ ಚಾಲಕನು ಏಳು ತಿಂಗಳೊಳಗಾಗಿ ಮೃತನಾದನು. ಅದೇ ವರ್ಷದಲ್ಲಿ ಜಪಾನಿನಲ್ಲಿ 'ಗೊಜಿರಾ' ಎಂಬ ದೈತ್ಯನ ಚಿತ್ರ ಹುಟ್ಟಿದುದು ಆಕಸ್ಮಿಕವಲ್ಲ. ತೆರೆಯ ಮೇಲಿನ ಜಂತು ಸುಳ್ಳು. ಅದನ್ನು ಹುಟ್ಟಿಸಿದ ಭಯ ಸುಳ್ಳಲ್ಲ.

ಕಣ್ಣು ಹೇಗೆ ಮೋಸಹೋಗುತ್ತದೆ?

ಗಾರ್ಡನ್‌ನ ಉಪಾಯ ಬಹು ಅಗ್ಗದ್ದು. ಷಿಕಾಗೋ ಕಟ್ಟಡಗಳ ಛಾಯಾಚಿತ್ರಗಳ ಮೇಲೆ ನಿಜವಾದ ಮಿಡತೆಗಳನ್ನು ಬಿಟ್ಟು ಚಿತ್ರ ತೆಗೆದನು. ಸೂಕ್ಷ್ಮವಾಗಿ ನೋಡಿದರೆ, ಮಿಡತೆಯು ಗೋಡೆಯನ್ನು ದಾಟಿ ಬರಿಯ ಆಕಾಶದ ಮೇಲೆಯೇ ಕಾಲಿಡುವುದು ಕಾಣುತ್ತದೆ. ಹಣವಿದ್ದವರು ಸಣ್ಣ ಮಾದರಿಗಳನ್ನು ಕಟ್ಟಿಸುತ್ತಿದ್ದರು. ಇಲ್ಲಿಯೂ ಭೌತವಿಜ್ಞಾನಕ್ಕೆ ತಲೆಬಾಗಲೇಬೇಕು. 20 ಮೀಟರ್ ಎತ್ತರದಿಂದ ಕಲ್ಲು ಬೀಳಲು ಸುಮಾರು 2 ಸೆಕೆಂಡು ಬೇಕು. ಇಪ್ಪತ್ತೈದನೆಯ ಒಂದರಷ್ಟು ಅಳತೆಯ ಮಾದರಿಯಲ್ಲಿ ಎತ್ತರ 80 ಸೆಂಟಿಮೀಟರ್, ಕಾಲ 0.4 ಸೆಕೆಂಡು, ಎಂದರೆ ಐದರಲ್ಲೊಂದು ಪಾಲು. ಆದುದರಿಂದ ಸೆಕೆಂಡಿಗೆ 24 ಚಿತ್ರಗಳ ಬದಲು 120 ಚಿತ್ರಗಳನ್ನು ತೆಗೆದು, ವಾಡಿಕೆಯ ವೇಗದಲ್ಲಿ ತೋರಿಸಿದರೆ ಬೊಂಬೆಯ ಗೋಪುರವೂ ಗಂಭೀರವಾಗಿ ಕುಸಿಯುತ್ತದೆ. ಗಾರ್ಡನ್‌ನ ಮಿಡತೆಗಳ ಚುರುಕಾದ ಚಲನೆಯೇ ಅವು ಪುಟ್ಟ ಹುಳುಗಳೆಂಬ ಗುಟ್ಟನ್ನು ರಟ್ಟುಮಾಡುತ್ತದೆ.

ನಿಜವಾದ ಶತ್ರು

ಹಾಗಾದರೆ ಮಿಡತೆಗೆ ಹೆದರಬೇಕಾದುದಿಲ್ಲವೆ? ಹೆದರಬೇಕು, ಗಾತ್ರಕ್ಕಲ್ಲ, ಸಂಖ್ಯೆಗೆ. ಮರುಭೂಮಿಯ ಮಿಡತೆಯು ಕೇವಲ 2 ಗ್ರಾಂ ತೂಗುತ್ತದೆ. ಆದರೆ ದಿನಕ್ಕೆ ತನ್ನ ತೂಕದಷ್ಟೇ ಹಸುರನ್ನು ತಿನ್ನಬಲ್ಲದು. ಒಂದು ಚದರ ಕಿಲೋಮೀಟರ್ ಹಿಂಡಿನಲ್ಲಿ 8 ಕೋಟಿಯವರೆಗೆ ಮಿಡತೆಗಳಿರಬಹುದು. ಅಂಥ ಹಿಂಡಿನ ಒಂದು ದಿನದ ಊಟ 160 ಟನ್! 2020ರಲ್ಲಿ ಇಂಥ ಹಿಂಡುಗಳು ರಾಜಸ್ಥಾನದಿಂದ ಮಧ್ಯಪ್ರದೇಶ, ಮಹಾರಾಷ್ಟ್ರಗಳವರೆಗೆ ಹಾರಿ ಬಂದವು. ಅವುಗಳ ವಿರುದ್ಧ ಹೋರಾಡಿದುದು ಬಂದೂಕುಗಳಲ್ಲ. ಔಷಧ ಸಿಂಪಡಿಸುವ ಯಂತ್ರಗಳು, ಡ್ರೋನ್‌ಗಳು, ಮುನ್ಸೂಚನೆಯ ಭೂಪಟಗಳು.

ಚಿತ್ರದ ಕೊನೆಯಲ್ಲಿ ವಿಜ್ಞಾನಿಯು ಮಿಡತೆಗಳು ಸಂಗಾತಿಯನ್ನು ಕರೆಯುವ ಧ್ವನಿಯನ್ನು ಕೃತಕವಾಗಿ ಮೊಳಗಿಸಿ, ಅವನ್ನು ಮಿಷಿಗನ್ ಸರೋವರಕ್ಕೆ ಸೆಳೆದು ಮುಳುಗಿಸುತ್ತಾನೆ. ಇಡೀ ಕಥೆಯಲ್ಲಿ ವಿಜ್ಞಾನಕ್ಕೆ ಅತಿ ಸಮೀಪವಾದ ಮಾತು ಇದೊಂದೇ. ವಲಸೆ ಮಿಡತೆಗಳನ್ನು ಒಂದೆಡೆ ಕೂಡಿಸುವ ವಾಸನಾದ್ರವ್ಯವೊಂದನ್ನು ಚೀನೀ ವಿಜ್ಞಾನಿಗಳು 2020ರಲ್ಲಿ ಗುರುತಿಸಿದ್ದಾರೆ. ಅದರಿಂದ ಹಿಂಡುಗಳನ್ನು ಬಲೆಗೆ ಸೆಳೆಯಬಹುದೆಂಬ ಆಶೆಯಿದೆ. ಶತ್ರುವಿನ ಸ್ವಭಾವವನ್ನು ಅರಿತವನಿಗೆ ಗುಂಡು ಬೇಕಾಗುವುದಿಲ್ಲ ಎಂಬ ಪಾಠವನ್ನು ಆ ಅಗ್ಗದ ಚಿತ್ರವೂ ಕಲಿಸಿತೆಂದು ಒಪ್ಪಿಕೊಳ್ಳೋಣ.