ಎಲ್ಲರೂ ಎಲ್ಲವನ್ನೂ ಪರಿಶೀಲಿಸುವ ಯಂತ್ರ

ಸಾವಿರಾರು ಕಂಪ್ಯೂಟರುಗಳು ಒಂದೇ ಖಾತೆ ಪುಸ್ತಕದ ಪ್ರತಿಗಳನ್ನು ಇಟ್ಟುಕೊಂಡು, ಅದಕ್ಕೆ ಸೇರುವ ಪ್ರತಿಯೊಂದು ವಹಿವಾಟನ್ನೂ ಯಾರನ್ನೂ ನಂಬದೆ ತಾವೇ ಪರಿಶೀಲಿಸಿ ಬರೆದುಕೊಳ್ಳುವ ವ್ಯವಸ್ಥೆಯೇ ಬ್ಲಾಕ್‌ಚೈನ್. ನೋಡ್ ಎಂದು ಕರೆಯಲಾಗುವ ಈ ಕಂಪ್ಯೂಟರುಗಳ ಸಂಖ್ಯೆ ಹೆಚ್ಚಿದರೆ ಕೆಲಸ ಹಂಚಿಹೋಗುವುದಿಲ್ಲ, ಅದೇ ಕೆಲಸ ಇನ್ನಷ್ಟು ಕಡೆ ಪುನರಾವರ್ತನೆಯಾಗುತ್ತದೆ. ಸುಮಾರು 10 ನಿಮಿಷಕ್ಕೊಂದು ಬ್ಲಾಕ್ (ವಹಿವಾಟುಗಳ ಕಟ್ಟು) ಸೇರಿಸುವ ಬಿಟ್‌ಕಾಯಿನ್ ಸೆಕೆಂಡಿಗೆ ಏಳೆಂಟು ವಹಿವಾಟುಗಳಲ್ಲೇ ದಣಿಯುವುದಕ್ಕೂ, 2017ರ ಡಿಸೆಂಬರಿನಲ್ಲಿ ಕ್ರಿಪ್ಟೊಕಿಟ್ಟೀಸ್ ಎಂಬ ಬೆಕ್ಕು ಸಾಕುವ ಆಟವೊಂದರಿಂದ ಎಥೀರಿಯಂ ಎಂಬ ಇನ್ನೊಂದು ಬ್ಲಾಕ್‌ಚೈನ್ ಜಾಲದಲ್ಲಿ ದಟ್ಟಣೆ ಉಂಟಾದುದಕ್ಕೂ ಮೂಲ ಇಲ್ಲಿಯೇ ಇದೆ.

ಬ್ಲಾಕುಗಳನ್ನೇ ದೊಡ್ಡದಾಗಿಸುವುದು ಎಲ್ಲಕ್ಕಿಂತ ಸುಲಭವಾಗಿ ಹೊಳೆಯುವ ಉಪಾಯ. 2017ರ ಆಗಸ್ಟಿನಲ್ಲಿ ಬಿಟ್‌ಕಾಯಿನ್‌ನಿಂದ ಕವಲೊಡೆದ ಬಿಟ್‌ಕಾಯಿನ್ ಕ್ಯಾಶ್ ಹಿಡಿದದ್ದು ಇದೇ ದಾರಿ. ಆದರೆ ಬ್ಲಾಕು ಬೆಳೆದಂತೆಲ್ಲ ದುಬಾರಿ ಯಂತ್ರವುಳ್ಳವರಷ್ಟೇ ಪರಿಶೀಲಕರಾಗಿ ಉಳಿಯುವುದರಿಂದ, ಜನಸಾಮಾನ್ಯರು ತಾವೇ ಲೆಕ್ಕ ನೋಡಬಲ್ಲರೆಂಬ ಮೂಲ ಆಶಯವೇ ಸೊರಗುತ್ತದೆ. ಆ ಬೆಲೆ ತೀರಾ ಹೆಚ್ಚಿನದು.

ಎಥೀರಿಯಂ ಆಯ್ದುಕೊಂಡ ದಾರಿ ಬೇರೆ. ಅದರ ರೋಲಪ್ ವಿಧಾನದಲ್ಲಿ ವಹಿವಾಟುಗಳ ಲೆಕ್ಕಾಚಾರವು ಮುಖ್ಯ ಜಾಲದ ಹೊರಗೆ ನಡೆದು, ಅವುಗಳ ಸಂಕ್ಷಿಪ್ತ ದಾಖಲೆ ಮತ್ತು ಫಲಿತಾಂಶ ಮಾತ್ರ ಮುಖ್ಯ ಜಾಲಕ್ಕೆ ಬರುತ್ತವೆ. ಹೊರಗಿನವರ ಲೆಕ್ಕವನ್ನು ನಂಬುವುದು ಹೇಗೆಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಆರ್ಬಿಟ್ರಮ್‌ನಂತಹ ಆಪ್ಟಿಮಿಸ್ಟಿಕ್ ರೋಲಪ್‌ಗಳು ಫಲಿತಾಂಶವನ್ನು ಸದ್ಯಕ್ಕೆ ಸರಿಯೆಂದು ಭಾವಿಸಿ, ತಕರಾರು ಎತ್ತಲು ಸುಮಾರು ಒಂದು ವಾರದ ಅವಧಿ ಕೊಡುತ್ತವೆ. ಹೀಗಾಗಿ ಅಲ್ಲಿಂದ ಹಣವನ್ನು ನೇರವಾಗಿ ಮುಖ್ಯ ಜಾಲಕ್ಕೆ ಹಿಂಪಡೆಯುವವರು ಅಷ್ಟು ದಿನ ಕಾಯಬೇಕಾಗುತ್ತದೆ. ಝಡ್‌ಕೆ ರೋಲಪ್‌ಗಳು ಲೆಕ್ಕದೊಂದಿಗೆ ಗಣಿತದ ಪುರಾವೆಯನ್ನೇ ಕಳಿಸುತ್ತವೆ. ಗೋಲ್ಡ್‌ವಾಸರ್, ಮಿಕಾಲಿ ಮತ್ತು ರಾಕಾಫ್ 1985ರಲ್ಲಿ ಮಂಡಿಸಿದ ವಿಚಾರದಿಂದ ಬೆಳೆದುಬಂದ ಈ ತಂತ್ರದಲ್ಲಿ, ಸಾವಿರಾರು ವಹಿವಾಟುಗಳನ್ನು ಮತ್ತೆ ಲೆಕ್ಕ ಹಾಕದೆಯೇ, ಅವು ಸರಿಯಾಗಿವೆಯೆಂದು ಚಿಕ್ಕದೊಂದು ಪುರಾವೆಯಿಂದ ಖಚಿತಪಡಿಸಿಕೊಳ್ಳಬಹುದು. ಈ ಕ್ಷೇತ್ರದ ಅತ್ಯಂತ ಸುಂದರವಾದ ಸಾಧನೆ ಇದೆಂದರೆ ಉತ್ಪ್ರೇಕ್ಷೆಯಾಗದು. ಪುರಾವೆಯನ್ನು ತಯಾರಿಸುವುದು ಮಾತ್ರ ಬಹಳ ಶ್ರಮದ ಕೆಲಸ.

ಎರಡೂ ಬಗೆಯಲ್ಲಿ ದಾಖಲೆಯ ದತ್ತಾಂಶ ಎಲ್ಲರಿಗೂ ಸಿಗುವಂತಿರಬೇಕು, ಬಚ್ಚಿಟ್ಟ ಲೆಕ್ಕದ ಮೇಲೆ ತಕರಾರು ಎತ್ತಲಾಗದು. 2024ರ ಮಾರ್ಚಿನಲ್ಲಿ ಎಥೀರಿಯಂಗೆ ಬಂದ ಡೆನ್‌ಕುನ್ ಪರಿಷ್ಕರಣೆಯು ಇದಕ್ಕಾಗಿ ಬ್ಲಾಬ್ ಎಂಬ ಪ್ರತ್ಯೇಕ ಕಟ್ಟುಗಳನ್ನು ತಂದಿತು. ತಲಾ 128 ಕಿಲೋಬೈಟ್ ಗಾತ್ರದ ಇವನ್ನು ನೋಡ್‌ಗಳು ಸುಮಾರು 18 ದಿನ ಇಟ್ಟುಕೊಂಡರೆ ಸಾಕಾದ್ದರಿಂದ ರೋಲಪ್‌ಗಳ ಶುಲ್ಕ ಗಣನೀಯವಾಗಿ ಇಳಿಯಿತು. 2025ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಪಿಯರ್‌ಡಾಸ್ ವ್ಯವಸ್ಥೆಯಲ್ಲಿ ಬ್ಲಾಬ್‌ಗಳ ದತ್ತಾಂಶವನ್ನು ಹಿಗ್ಗಿಸಿ ತುಂಡುಗಳಾಗಿಸುತ್ತಾರೆ, ಅರ್ಧದಷ್ಟು ತುಂಡುಗಳಿಂದಲೇ ಪೂರ್ಣ ದತ್ತಾಂಶವನ್ನು ಮರಳಿ ಕಟ್ಟಬಹುದಾದ್ದರಿಂದ ಪ್ರತಿ ನೋಡ್ ಕೆಲವನ್ನಷ್ಟೇ ಇಟ್ಟುಕೊಂಡರೂ ಸಾಕು. ಇಲ್ಲಿ ಎಥೀರಿಯಂನ ನೋಡ್‌ಗಳು ದತ್ತಾಂಶದ ಹೊರೆಯನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ.