ನಿಂತ ಗಾಡಿಯ ಅಡಿಯಿಂದ ಆಗುವ ಕಳವು

ಅಂಗಳದಿಂದ ಅಡಿಕೆ, ಬಳ್ಳಿಯಿಂದ ಮೆಣಸು, ಕಣದಿಂದ ಕಾಫಿ ಕಳವಾಗುವುದು ಬೆಳೆಗಾರರಾದ ನಮಗೆ ಹೊಸ ವಿಚಾರವಲ್ಲ. ಕೊಯಿಲಿನ ಕಾಲದಲ್ಲಿ ಕಾವಲಿಡುವುದೂ ಗೋದಾಮಿಗೆ ಬೀಗ ಹಾಕುವುದೂ ನಮಗೆ ರೂಢಿಯಾಗಿವೆ. ಆದರೆ ಅದೇ ಅಂಗಳದ ಮೂಲೆಯಲ್ಲಿ ನಿಲ್ಲಿಸಿದ ವ್ಯಾನಿನ ಅಡಿಯಲ್ಲಿಯೂ ಕಳ್ಳನ ಕಣ್ಣು ಬೀಳುವಂಥ ಒಂದು ವಸ್ತು ಇದೆಯೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅದರ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್. ಗಾಡಿಯ ಬಾಗಿಲಿಗೆ ಹಾಕಿದ ಬೀಗ ಅದನ್ನು ಕಾಯಲಾರದು. ಅದು ಹೋದರೆ ಹೊಸದಕ್ಕೆ ಹತ್ತಾರು ಸಾವಿರ ರೂಪಾಯಿ ಬೇಕು. ಜೊತೆಗೆ ಆಳುಗಳನ್ನು ಕರೆತರುವ, ಗೊಬ್ಬರ ಸಾಗಿಸುವ ಗಾಡಿ ಕೆಲಸದ ದಿನಗಳಲ್ಲಿಯೇ ನಿಂತುಹೋಗುತ್ತದೆ. ಆದುದರಿಂದ ಈ ಕಳವು ಹೇಗೆ ಆಗುತ್ತದೆ, ಅದನ್ನು ತಡೆಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಈ ಸಾಧನ ಯಾವುದು?

ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ, ಹೊಗೆ ಹೋಗುವ ಕೊಳವೆಯಲ್ಲಿ ಡಬ್ಬಿಯಂಥ ಒಂದು ಭಾಗವಿರುತ್ತದೆ. ಅದರೊಳಗೆ ಜೇನುಹುಟ್ಟಿನ ಹಾಗೆ ಸಣ್ಣ ಸಣ್ಣ ಕಂಡಿಗಳುಳ್ಳ ಪಿಂಗಾಣಿಯ ಗಟ್ಟಿ ಇರುತ್ತದೆ. ಕಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಲೋಹಗಳನ್ನು ಅತಿ ತೆಳುವಾಗಿ ಲೇಪಿಸಿರುತ್ತಾರೆ. ಬಿಸಿ ಹೊಗೆ ಇವುಗಳನ್ನು ತಾಗಿ ಹೋಗುವಾಗ ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಅರ್ಧ ಉರಿದ ಪೆಟ್ರೋಲಿನ ಅಂಶವೂ ಇಂಗಾಲಾಮ್ಲ ಮತ್ತು ನೀರಾವಿಯಾಗುತ್ತವೆ. ಸಾರಜನಕದ ಆಕ್ಸೈಡುಗಳು ಒಡೆದು ನಿರಪಾಯಕಾರಿಯಾದ ಸಾರಜನಕವಾಗುತ್ತವೆ. ಲೋಹಗಳು ಮಾತ್ರ ಖರ್ಚಾಗುವುದಿಲ್ಲ. ಹೀಗಾಗಿ ಹತ್ತು ವರ್ಷ ಓಡಿದ ಗಾಡಿಯಲ್ಲಿಯೂ ಕಳ್ಳನಿಗೆ ಬೇಕಾದ ವಸ್ತು ಉಳಿದೇ ಇರುತ್ತದೆ.

ಅಮೆರಿಕದಲ್ಲಿ 1975ರ ಮಾದರಿಯ ಕಾರುಗಳಿಂದ ಈ ಸಾಧನ ಬಳಕೆಗೆ ಬಂತು. ನಮ್ಮ ದೇಶದಲ್ಲಿ 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು ಈ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಲಾಯಿತು. ಸೀಸ ಬೆರೆತ ಪೆಟ್ರೋಲು ಇದನ್ನು ಕೆಡಿಸುತ್ತದೆ. 2000ದಲ್ಲಿ ಸೀಸವಿಲ್ಲದ ಪೆಟ್ರೋಲು ದೇಶದಾದ್ಯಂತ ಬಂದ ಮೇಲೆ ಇದರ ಬಳಕೆ ಎಲ್ಲೆಡೆಗೂ ಹರಡಿತು. 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಬಿ.ಎಸ್. 6 ನಿಯಮದ ಗಾಡಿಗಳಲ್ಲಿ ಹೊಗೆ ಶುದ್ಧಿಯ ಸಾಧನಗಳು ಇನ್ನೂ ಹೆಚ್ಚಿನ ಮಟ್ಟದವಾಗಿವೆ.

ಕಳ್ಳನಿಗೆ ಇದರಿಂದ ಏನು ಲಾಭ?

ಒಂದು ಕಾರಿನ ಕನ್ವರ್ಟರಿನಲ್ಲಿ ಈ ಲೋಹಗಳು ಇರುವುದು ಒಟ್ಟು ಕೆಲವೇ ಗ್ರಾಂ. ಆದರೆ ಆ ಕೆಲವೇ ಗ್ರಾಮಿನ ಬೆಲೆ ದೊಡ್ಡದು. 2021ರ ವಸಂತದಲ್ಲಿ ರೋಡಿಯಂ ಧಾರಣೆ ಒಂದು ಔನ್ಸಿಗೆ, ಅಂದರೆ ಸುಮಾರು 31 ಗ್ರಾಮಿಗೆ, 29,000 ಡಾಲರುಗಳ ಸಮೀಪಕ್ಕೆ ಏರಿತ್ತು. ಪಲ್ಲಾಡಿಯಂ 2022ರ ಮಾರ್ಚಿನಲ್ಲಿ 3,000 ಡಾಲರು ದಾಟಿತು. ಅನಂತರ ಇವೆರಡೂ ಬಹಳ ಇಳಿದವು. ಆದರೆ ನಮ್ಮ ಮೆಣಸು, ಅಡಿಕೆಯ ಧಾರಣೆಯಂತೆ ಈ ಲೋಹಗಳ ಧಾರಣೆಯೂ ಒಂದೇ ಕಡೆ ನಿಲ್ಲುವುದಿಲ್ಲ. ಇಳಿದಾಗ ಕಳವು ಕಡಿಮೆಯಾಯಿತೆಂದು ಎಚ್ಚರ ತಪ್ಪಿದರೆ ಏರಿದಾಗ ಪೆಟ್ಟು ತಿನ್ನಬೇಕಾಗುತ್ತದೆ.

ಧಾರಣೆಗೂ ಕಳವಿಗೂ ಇರುವ ನಂಟನ್ನು ಅಮೆರಿಕದ ರಾಷ್ಟ್ರೀಯ ವಿಮಾ ಅಪರಾಧ ಬ್ಯೂರೋ ಕೊಟ್ಟ ಅಂಕಿಗಳಲ್ಲಿ ಕಾಣಬಹುದು. ಅಲ್ಲಿ ಈ ಕಳವಿನ ಬಗ್ಗೆ ಬಂದ ವಿಮಾ ಅರ್ಜಿಗಳು 2018ರಲ್ಲಿ 1,298. ಧಾರಣೆ ಏರುತ್ತಿದ್ದ 2020ರಲ್ಲಿ ಅವು 14,433.

ಎಲ್ಲೆಲ್ಲಿ ಆಗಿದೆ?

ಅಮೆರಿಕ, ಇಂಗ್ಲೆಂಡುಗಳಲ್ಲಿ ಮೋಟಾರ್‌ಹೋಂ ಎಂಬ ಗಾಡಿಗಳುಂಟು. ಮಲಗಲು, ಅಡಿಗೆ ಮಾಡಲು ಅನುಕೂಲವುಳ್ಳ ಸಣ್ಣ ಬಸ್ಸಿನಂಥ ಮನೆಗಳು ಇವು. ಬೇಸಿಗೆಯಲ್ಲಿ ತಿರುಗಾಟಕ್ಕೆ ಹೋಗಿ ಬಂದ ಮೇಲೆ ಚಳಿಗಾಲವೆಲ್ಲ ಇವುಗಳನ್ನು ಬಾಡಿಗೆ ಬಯಲಿನಲ್ಲಿ ನಿಲ್ಲಿಸಿಡುತ್ತಾರೆ. ಇವು ನೆಲದಿಂದ ಎತ್ತರವಾಗಿರುವುದರಿಂದ ಜಾಕಿ ಹಾಕದೆಯೇ ಅಡಿಗೆ ನುಸುಳಬಹುದು. ಬ್ಯಾಟರಿ ಗರಗಸವಿದ್ದರೆ ಒಂದೆರಡು ನಿಮಿಷದಲ್ಲಿ ಕೊಳವೆಯನ್ನು ಕುಯ್ದು ಒಯ್ಯಬಹುದು. ತಿಂಗಳುಗಟ್ಟಲೆ ನಿಂತ ಗಾಡಿಯಾದುದರಿಂದ, ಮತ್ತೆ ಎಂಜಿನ್ ಚಾಲೂ ಮಾಡುವವರೆಗೆ ಕಳವಾದದ್ದು ಮಾಲೀಕನಿಗೆ ತಿಳಿಯದೇ ಇರಬಹುದು.

ಇಂಗ್ಲೆಂಡಿನಲ್ಲಿ ಪೆಟ್ರೋಲು ಮತ್ತು ವಿದ್ಯುತ್ತು ಎರಡರಿಂದಲೂ ಓಡುವ ಹೈಬ್ರಿಡ್ ಕಾರುಗಳ ಮೇಲೆ ಕಳ್ಳರ ಕಣ್ಣು ಹೆಚ್ಚಾಗಿ ಬಿದ್ದಿದೆ. ಅವುಗಳಲ್ಲಿ ಪೆಟ್ರೋಲು ಎಂಜಿನ್ ಓಡುವುದು ಕಡಿಮೆ. ಆದುದರಿಂದ ಕನ್ವರ್ಟರು ಸವೆಯುವುದೂ ಕಡಿಮೆ.

ಇದು ಪರದೇಶದ ಮಾತೆಂದು ನಾವು ಸುಮ್ಮನಿರುವಂತಿಲ್ಲ. 2020ರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ಗುಜರಾತಿನ ಅಹಮದಾಬಾದು, ಸೂರತ್ತುಗಳಲ್ಲಿಯೂ ಮಹಾರಾಷ್ಟ್ರದ ಮುಂಬಯಿ, ಪುಣೆಗಳಲ್ಲಿಯೂ ಮಾರುತಿ ಈಕೋ ವ್ಯಾನುಗಳ ಸೈಲೆನ್ಸರುಗಳು ಸಾಲಾಗಿ ಕಳವಾದವು. ಪತ್ರಿಕೆಗಳು ಸೈಲೆನ್ಸರ್ ಕಳವು ಎಂದೇ ಬರೆದವು. ಕಳ್ಳರಿಗೆ ಬೇಕಾಗಿದ್ದುದು ಅದರ ಜೊತೆಗಿರುವ ಕನ್ವರ್ಟರು. ಅದನ್ನು ಒಡೆದು ಒಳಗಿನ ಬೂದು ಬಣ್ಣದ ಪುಡಿಯನ್ನು ತೂಕದ ಮೇಲೆ ಮಾರುತ್ತಿದ್ದರು. ಈ ವ್ಯಾನಿನಲ್ಲಿ ಹೊಗೆಕೊಳವೆ ಅಡಿಯಿಂದ ಸುಲಭವಾಗಿ ಕೈಗೆ ಸಿಗುತ್ತದೆ. ಸ್ಪ್ಯಾನರಿದ್ದರೆ ಬೋಲ್ಟು ಬಿಚ್ಚಿ ತೆಗೆಯಬಹುದು. ಮಲೆನಾಡಿನ ಯಾವ ರಸ್ತೆಯಲ್ಲಿ ನಿಂತರೂ ಈ ಜಾತಿಯ ವ್ಯಾನು ಕಣ್ಣಿಗೆ ಬೀಳುತ್ತದೆ ಎಂಬುದನ್ನು ನಾವು ಮನಗಾಣಬೇಕು.

ನಮ್ಮ ಯಾವ ಗಾಡಿಗೆ ಅಪಾಯ?

ತೋಟದಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಕಾಲದ ಜೀಪಿನಲ್ಲಿ ಈ ಸಾಧನವೇ ಇಲ್ಲ. ಅದರ ಮಾಲೀಕರು ಈ ಒಂದು ವಿಷಯದಲ್ಲಿ ನಿಶ್ಚಿಂತರು. ಪೆಟ್ರೋಲಿನಲ್ಲಿಯೂ ಸಿ.ಎನ್.ಜಿ.ಯಲ್ಲಿಯೂ ಓಡುವ ವ್ಯಾನು ಮತ್ತು ಕಾರುಗಳಿಗೆ ಅಪಾಯ ಹೆಚ್ಚು. ಡೀಸೆಲ್ ಪಿಕಪ್ಪುಗಳಲ್ಲಿ ಬೇರೆ ಬಗೆಯ ಶುದ್ಧಿ ಸಾಧನಗಳಿವೆ; ಅವಕ್ಕೂ ಬೆಲೆಯುಂಟು. ನಮ್ಮ ಗಾಡಿಯಲ್ಲಿ ಅದು ಎಲ್ಲಿದೆ, ಬೋಲ್ಟಿನಿಂದ ಕೂಡಿಸಿದೆಯೋ ಬೆಸುಗೆಯಿಂದಲೋ ಎಂಬುದನ್ನು ಮುಂದಿನ ಸಲ ಸರ್ವಿಸಿಗೆ ಬಿಟ್ಟಾಗ ಮೆಕ್ಯಾನಿಕ್ಕಿನಿಂದ ತೋರಿಸಿಕೊಳ್ಳಬೇಕು.

ತಡೆಯುವ ಬಗೆ

ಪೂರ್ತಿಯಾಗಿ ತಡೆಯುವ ಉಪಾಯ ಯಾವುದೂ ಇಲ್ಲ. ಆದರೆ ಕಳ್ಳನಿಗೆ ಬೇಕಾದುದು ಮೂರು: ಅಡಿಗೆ ನುಸುಳಲು ಜಾಗ, ಕೆಲವು ನಿಮಿಷಗಳ ಏಕಾಂತ, ಮಾಲು ಕೊಳ್ಳುವವನೊಬ್ಬ. ಇವುಗಳಲ್ಲಿ ಒಂದನ್ನು ತಪ್ಪಿಸಿದರೂ ಅವನು ಬೇರೆ ಕಡೆ ನೋಡುತ್ತಾನೆ.

1. ನಿಲ್ಲಿಸುವ ರೀತಿ: ಬಾಗಿಲುಳ್ಳ ಷೆಡ್ಡಿದ್ದರೆ ಅದೇ ಲೇಸು. ಇಲ್ಲವಾದರೆ ಹೊಗೆಕೊಳವೆ ಇರುವ ಮಗ್ಗುಲು ಗೋಡೆಗೆ ಒತ್ತಾಗಿರುವಂತೆ ನಿಲ್ಲಿಸಬೇಕು. ಎರಡು ಗಾಡಿಗಳಿದ್ದರೆ ಎತ್ತರದ ವ್ಯಾನನ್ನು ಒಳಗೂ ತಗ್ಗಾದ ಕಾರನ್ನು ಹೊರಗೂ ಪಕ್ಕಪಕ್ಕಕ್ಕೆ ನಿಲ್ಲಿಸಬಹುದು. ಒಂದು ಚಕ್ರ ದಿಬ್ಬದ ಮೇಲೆ ಏರಿರುವಂತೆ ನಿಲ್ಲಿಸುವುದು ಕಳ್ಳನಿಗೆ ಜಾಗ ಮಾಡಿಕೊಟ್ಟ ಹಾಗೆ. ತೋಟದ ಗೇಟಿನ ಹೊರಗೆ, ಬಸ್ ನಿಲ್ದಾಣದ ಹಿಂದೆ, ಜಾತ್ರೆಯ ಬಯಲಿನಲ್ಲಿ ರಾತ್ರಿಯಿಡೀ ಗಾಡಿ ಬಿಡಕೂಡದು.

2. ಬೆಳಕು ಮತ್ತು ಸದ್ದು: ಮನುಷ್ಯ ಸುಳಿದೊಡನೆ ಹೊತ್ತಿಕೊಳ್ಳುವ ದೀಪ ಈಗ ಪೇಟೆಯಲ್ಲಿ ಸಿಗುತ್ತದೆ, ಸೌರಶಕ್ತಿಯದೂ ಉಂಟು. ಗಾಡಿ ಓರೆಯಾದರೆ ಕೂಗುವ ಅಲಾರಂ ಜಾಕಿ ಹಾಕುವವನನ್ನು ಹೆದರಿಸುತ್ತದೆ. ಜಾಕಿಯಿಲ್ಲದೆ ನುಸುಳುವವನಿಗೆ ಅದು ಸಾಲದು. ನಾಯಿಯಿದ್ದರೆ ಅದನ್ನು ಗಾಡಿಯಿರುವ ಕಡೆಯೇ ಕಟ್ಟಬೇಕು.

3. ಕವಚ: ಕನ್ವರ್ಟರಿನ ಕೆಳಗೆ ಉಕ್ಕಿನ ತಗಡನ್ನೋ ಸರಳಿನ ಪಂಜರವನ್ನೋ ಷಾಸಿಗೆ ಕೂಡಿಸಬಹುದು. ಬೋಲ್ಟುಗಳ ತಲೆಗೆ ಬೆಸುಗೆ ಹಾಕಿಸಿದರೆ ಸ್ಪ್ಯಾನರು ಹಿಡಿಯುವುದಿಲ್ಲ; ಮುಂದೆ ರಿಪೇರಿಗೆ ಅದನ್ನು ಕುಯ್ಯಬೇಕಾಗುತ್ತದೆ ಎಂಬುದು ತಿಳಿದಿರಲಿ. ಈ ಕೆಲಸವನ್ನು ಬಲ್ಲವರಿಂದಲೇ ಮಾಡಿಸಬೇಕು. ಬೆಸುಗೆಗೆ ಮುಂಚೆ ಬ್ಯಾಟರಿಯ ತಂತಿ ಬಿಚ್ಚಿಸಬೇಕು. ಇಲ್ಲವಾದರೆ ಗಾಡಿಯ ಎಲೆಕ್ಟ್ರಾನಿಕ್ ಭಾಗಗಳು ಕೆಡಬಹುದು. ಕನ್ವರ್ಟರಿನ ಡಬ್ಬಿಗೇ ಬೆಸುಗೆ ಹಾಕಕೂಡದು. ಗಾಳಿಯಾಡಲು ಸುತ್ತ ತೆರವಿರಬೇಕು.

4. ಗುರುತು: ಗಾಡಿಯ ನೋಂದಣಿ ಸಂಖ್ಯೆಯನ್ನು ಕನ್ವರ್ಟರಿನ ಹೊರಗವಚದ ಮೇಲೆ ಹಗುರವಾಗಿ ಕೆತ್ತಿಸಿ, ಬಿಸಿ ತಡೆಯುವ ಎದ್ದು ಕಾಣುವ ಬಣ್ಣ ಬಳಿಸಬೇಕು. ಅಮೆರಿಕದ ಅನೇಕ ಊರುಗಳಲ್ಲಿ ಪೊಲೀಸರೇ ದಿನ ಗೊತ್ತುಮಾಡಿ ಇದನ್ನು ಉಚಿತವಾಗಿ ಮಾಡಿಸಿದ್ದಾರೆ. ಗುರುತಿಲ್ಲದ ಮಾಲು ಸಿಕ್ಕರೆ ಅದು ಯಾರದೆಂದು ಸಾಧಿಸುವುದು ಕಷ್ಟ.

ಒಂದು ಎಚ್ಚರಿಕೆ: ಓಡಿ ಬಂದ ಗಾಡಿಯ ಕನ್ವರ್ಟರು ನೂರಾರು ಡಿಗ್ರಿ ಕಾದಿರುತ್ತದೆ. ಕಳ್ಳರ ಭಯದಿಂದ ಗಾಡಿಯನ್ನು ಗಿಡಗಳ ಮರೆಯಲ್ಲಿ, ಒಣ ಹುಲ್ಲು ಅಥವಾ ದರಗಿನ ಮೇಲೆ ನಿಲ್ಲಿಸಿದರೆ ಬೆಂಕಿ ಹತ್ತಬಹುದು. ಗೋಣಿ, ಟಾರ್ಪಾಲು ಸುತ್ತುವುದೂ ಸಲ್ಲದು. ಕಳವು ತಪ್ಪಿಸಲು ಹೋಗಿ ಬೇಸಿಗೆಯಲ್ಲಿ ತೋಟವನ್ನೇ ಕಳೆದುಕೊಳ್ಳುವಂತಾಗಬಾರದು.

ಕೊಳ್ಳುವವನನ್ನು ಮರೆಯಬಾರದು

ಹಸಿ ಅಡಿಕೆ ಕದ್ದವನು ಅದನ್ನು ತಾನೇ ತಿನ್ನುವುದಿಲ್ಲ. ಎಲ್ಲಿಂದ ಬಂತೆಂದು ಕೇಳದೆ ಕೊಳ್ಳುವವನಿದ್ದಾನೆಂಬ ಧೈರ್ಯದಿಂದ ಕದಿಯುತ್ತಾನೆ. ಇಲ್ಲಿಯೂ ಅಷ್ಟೇ. 2022ರ ನವೆಂಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ದೇಶವ್ಯಾಪಿಯಾದ ಒಂದು ಜಾಲದ ಮೇಲೆ ಕ್ರಮ ಕೈಗೊಂಡು 21 ಜನರ ಮೇಲೆ ಆರೋಪ ಹೊರಿಸಿತು. ಕೊಳವೆ ಕುಯ್ಯುವವರ ಮೇಲಷ್ಟೇ ಅಲ್ಲ, ಮಾಲು ಕೊಂಡು ಪುಡಿಮಾಡಿ ಲೋಹ ತೆಗೆಯುವವರಿಗೆ ಸಾಗಿಸುತ್ತಿದ್ದವರ ಮೇಲೆಯೂ ಆ ಕ್ರಮ ನಡೆಯಿತು. 54 ಕೋಟಿ ಡಾಲರಿಗೂ ಮೀರಿದ ಆಸ್ತಿಯನ್ನು ಮುಟ್ಟುಗೋಲು ಹಾಕಬೇಕೆಂದು ಸರಕಾರ ಕೇಳಿತು. ಇಂಗ್ಲೆಂಡಿನಲ್ಲಿ 2013ರ ಗುಜರಿ ಲೋಹ ವ್ಯಾಪಾರಿಗಳ ಕಾನೂನು, ಗುಜರಿ ಲೋಹಕ್ಕೆ ನಗದು ಕೊಡುವುದನ್ನೇ ನಿಷೇಧಿಸಿದೆ. ಚೆಕ್ಕಿನಲ್ಲಿ ಹಣ ಕೊಟ್ಟರೆ ಮಾರಿದವನ ಹೆಸರು ಉಳಿಯುತ್ತದೆ.

ನಮ್ಮಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮು ಕಳವಿನದು, 317ನೆಯದು ಕದ್ದ ಮಾಲು ಪಡೆಯುವವರದು. ಕದ್ದದ್ದೆಂದು ತಿಳಿದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಂಡವನಿಗೆ 3 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಗುತ್ತದೆಂದು ಹಳೆಯ ಕನ್ವರ್ಟರನ್ನು ನಾವು ಕೊಂಡರೆ, ಇನ್ನೊಬ್ಬ ಬೆಳೆಗಾರನ ಗಾಡಿ ಕುಯ್ಯಲು ನಾವೇ ಹಣ ಕೊಟ್ಟಂತೆ.

ಕಳವಾದರೆ ಮಾಡಬೇಕಾದುದು

ಚಾಲೂ ಮಾಡಿದ ಕೂಡಲೇ ಗಾಡಿ ಎಂದೂ ಇಲ್ಲದಂತೆ ಅಬ್ಬರಿಸಿದರೆ ಎಂಜಿನ್ ನಿಲ್ಲಿಸಿ ಅಡಿಯಲ್ಲಿ ನೋಡಬೇಕು. ಹಾಗೆಯೇ ಓಡಿಸಿಕೊಂಡು ಹೋಗಕೂಡದು. ಮುರಿದ ಕೊಳವೆಯಿಂದ ಬರುವ ವಿಷಾನಿಲಕ್ಕೆ ವಾಸನೆಯಿಲ್ಲ, ಅದು ಗಾಡಿಯ ಒಳಕ್ಕೆ ಬಂದರೆ ಪ್ರಾಣಾಪಾಯ. ಕುಯ್ದ ಜಾಗವನ್ನು ಮುಟ್ಟದೆ ಫೋಟೋ ತೆಗೆದು ಪೊಲೀಸರಿಗೆ ದೂರು ಕೊಡಬೇಕು. ಕಳವಾದದ್ದು ಬೇರೆ ಠಾಣೆಯ ಸರಹದ್ದಿನಲ್ಲಾದರೂ ಹತ್ತಿರದ ಠಾಣೆಯವರು ದೂರನ್ನು ದಾಖಲಿಸಬೇಕು, ಎಫ್.ಐ.ಆರ್. ಪ್ರತಿಯನ್ನು ಉಚಿತವಾಗಿ ಕೊಡಬೇಕು ಎಂಬುದು ಈಗಿನ ಕಾನೂನು. ಕಳ್ಳ ಕಣ್ಣೆದುರಿಗೇ ಇದ್ದರೆ ಅವನ ಕೈಯಲ್ಲಿ ಗರಗಸವಿದೆಯೆಂಬುದು ನೆನಪಿರಲಿ. ಕೂಗಿ ಜನ ಸೇರಿಸಿ, 112ಕ್ಕೆ ಫೋನು ಮಾಡಿ, ಗಾಡಿಯ ನಂಬರು ಬರೆದುಕೊಳ್ಳುವುದು ಲೇಸು.

ಮೂರನೆಯವರ ಹೊಣೆಯ ವಿಮೆ ಮಾತ್ರ ಮಾಡಿಸಿದವರಿಗೆ ಈ ನಷ್ಟ ಸಿಗುವುದಿಲ್ಲ. ಸಮಗ್ರ ವಿಮೆಯಿರುವವರು, ಗಾಡಿಯ ಒಂದು ಭಾಗ ಮಾತ್ರ ಕಳವಾದರೆ ಪರಿಹಾರವುಂಟೇ ಎಂಬುದನ್ನು ಈಗಲೇ ಕಂಪನಿಯಿಂದ ಲಿಖಿತವಾಗಿ ಕೇಳಿ ಪಡೆಯಬೇಕು. ಕನ್ವರ್ಟರಿಲ್ಲದೆ ಬರೀ ಕೊಳವೆ ಹಾಕಿಸಿ ಓಡಿಸುವುದು ಸಲ್ಲದು. ಹೊಗೆಯ ಮಿತಿ ಮೀರಿದ ಗಾಡಿಗೆ ಮೋಟಾರು ವಾಹನ ಕಾನೂನಿನಂತೆ 10,000 ರೂಪಾಯಿಗಳವರೆಗೆ ದಂಡವುಂಟು. ಆ ಹೊಗೆಯನ್ನು ಮೊದಲು ಉಸಿರಾಡುವವರು ನಮ್ಮ ಮನೆಯವರು ಮತ್ತು ಆಳುಗಳೇ.

ಇದನ್ನು ಒಬ್ಬೊಬ್ಬರೇ ಮಾಡುವುದಕ್ಕಿಂತ ನೆರೆಹೊರೆಯವರು ಕೂಡಿ ಮಾಡುವುದು ಸುಲಭ. ಹತ್ತು ಗಾಡಿಗಳು ಸೇರಿದರೆ ಪೇಟೆಯ ಮೆಕ್ಯಾನಿಕ್ಕನ್ನು ಒಂದು ದಿನ ಊರಿಗೇ ಕರೆಸಿ ಎಲ್ಲದಕ್ಕೂ ನಂಬರು ಕೆತ್ತಿಸಬಹುದು, ಬೇಕಾದವರು ಕವಚಕ್ಕೆ ಅಳತೆ ಕೊಡಬಹುದು. ಹತ್ತಿರದ ಗುಜರಿ ಅಂಗಡಿಯವರಿಗೂ, ನಂಬರಿರುವ ಕನ್ವರ್ಟರು ಬಂದರೆ ಠಾಣೆಗೆ ತಿಳಿಸಿರೆಂದು ಅದೇ ದಿನ ಹೇಳಿ ಬರಬಹುದು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮಗೆ ಅನ್ವಯಿಸದಿರಲಿ. ಕೊಯಿಲಿನ ಗಡಿಬಿಡಿ ಶುರುವಾಗುವ ಮುಂಚೆ ಸದಸ್ಯ ಬಂಧುಗಳು ಈ ಕೆಲಸಕ್ಕೆ ಒಂದು ದಿನ ಗೊತ್ತುಮಾಡಿಕೊಳ್ಳಬೇಕೆಂದು ಕೋರುತ್ತೇವೆ.