ನಿಮಗಿದು ಗೊತ್ತೇ? ಟೆಸ್ಟರಿನ ಕಿತ್ತಳೆ ಚುಕ್ಕೆಯಿಂದ ಗಡಿಯಾರದ ಅಂಕಿಯವರೆಗೆ

● ಲೈನ್‌ಮನ್‌ಗಳ ಜೇಬಿನಲ್ಲಿ ಸದಾ ಇರುವ ಟೆಸ್ಟರ್ ನೋಡಿದ್ದೀರಲ್ಲ? ಶಿಕಾರಿಪುರದ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ. ತುದಿಯನ್ನು ಪ್ಲಗ್ಗಿನ ತೂತಿಗಿಟ್ಟು ಹಿಂಬದಿಯ ಲೋಹಕ್ಕೆ ಬೆರಳು ತಾಗಿಸಿದರೆ ಹಿಡಿಕೆಯೊಳಗೆ ಕಿತ್ತಳೆ ಬಣ್ಣದ ಚುಕ್ಕೆ ಬೆಳಗುತ್ತದೆ. ಬೆಳಗುವುದು ನಿಯಾನ್ ಅನಿಲ. ಇದೇ ಬೆಳಕು ಚುಕ್ಕೆಯಾಗುವ ಬದಲು 0ಯಿಂದ 9ರವರೆಗಿನ ಅಂಕಿಗಳ ಆಕಾರದಲ್ಲಿ ಹೊಳೆಯುವಂತೆ ಮಾಡಿದ ಗಾಜಿನ ಬುರುಡೆಯೇ ನಿಕ್ಸಿ ಟ್ಯೂಬ್. ಹಳೆಯ ಕಾಲದ ಈ ಟ್ಯೂಬುಗಳನ್ನು ಹುಡುಕಿ ತಂದು ಗಡಿಯಾರ ಕಟ್ಟುವ ಹುಚ್ಚು ಈಗ ಜಗತ್ತಿನ ಎಲ್ಲೆಡೆ ಇದೆ.

● ಟೆಸ್ಟರಿನ ಪುಟ್ಟ ಬಲ್ಬಿನಲ್ಲಿ ಎರಡು ಕಡ್ಡಿಗಳಿರುತ್ತವೆ. ಮನೆಯ ಎಸಿ ಕರೆಂಟಿಗೆ ಎರಡೂ ಹೊಳೆಯುತ್ತವೆ. ಡಿಸಿ ಕೊಟ್ಟರೆ ಮೈನಸ್ ಬದಿಯ ಕಡ್ಡಿ ಮಾತ್ರ. ನಿಕ್ಸಿಯ ಗುಟ್ಟೆಲ್ಲ ಇಷ್ಟೇ. ಒಳಗೆ ಹತ್ತು ತೆಳು ಲೋಹದ ಅಂಕಿಗಳು ಒಂದರ ಹಿಂದೆ ಒಂದು ನಿಂತಿವೆ; ಪ್ರತಿಯೊಂದೂ ಬೇರೆ ಬೇರೆ ಮೈನಸ್ ತುದಿ. ಮುಂದೆ ಜಾಲರಿಯಂತಹ ಒಂದೇ ಪ್ಲಸ್ ತುದಿ. ಯಾವ ಅಂಕಿಯ ಪಿನ್ನನ್ನು ಮೈನಸ್‌ಗೆ ಸೇರಿಸುತ್ತೀರೋ ಆ ಅಂಕಿಯ ಮೈಸುತ್ತ ಮಾತ್ರ ಬೆಳಕಿನ ಪೊರೆ ಕಟ್ಟುತ್ತದೆ. ಫಿಲಮೆಂಟು ಇಲ್ಲ, ಕಾಯಬೇಕಾದದ್ದೂ ಏನಿಲ್ಲ. ಮುಟ್ಟಿದರೆ ಕೈಗೆ ಸ್ವಲ್ಪ ಬೆಚ್ಚಗೆನಿಸುತ್ತದೆ, ಅಷ್ಟೇ.

● ನಿಯಾನನ್ನು 1898ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಂಡುಹಿಡಿದವರು ಇಬ್ಬರು: ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್. ಈ ಇಬ್ಬರ ಹೆಜ್ಜೆಯೂ ನಮ್ಮ ಕರ್ನಾಟಕದಲ್ಲಿ ಮೂಡಿದೆ! ಜಮ್‌ಶೆಟ್‌ಜಿ ಟಾಟಾ ಅವರ ಕನಸಿನ ಸಂಶೋಧನಾ ಸಂಸ್ಥೆಯನ್ನು ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆ ಎದ್ದಾಗ ಸಲಹೆಗೆಂದು ಭಾರತಕ್ಕೆ ಬಂದವರು ಇದೇ ರಾಮ್ಸೆ. ಊರೂರು ಸುತ್ತಿ ನೋಡಿ ಅವರು ಬೆರಳು ತೋರಿಸಿದ್ದು ಬೆಂಗಳೂರಿನ ಕಡೆಗೆ. 1904ರಲ್ಲಿ ರಾಮ್ಸೆಗೆ ರಸಾಯನಶಾಸ್ತ್ರದ ನೊಬೆಲ್ ಬಂತು. 1906ರಲ್ಲಿ ಟ್ರಾವರ್ಸ್ ಸಂಸ್ಥೆಯ ಮೊದಲ ನಿರ್ದೇಶಕರಾಗಿ ಬಂದರು. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ತಲೆಯೆತ್ತಿತು. 1914ರವರೆಗೂ ಟ್ರಾವರ್ಸ್ ಅಲ್ಲೇ ಇದ್ದರು. ಬೆಂಗಳೂರಿಗರು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವ ಆ ಜಾಗವನ್ನು ಆರಿಸಿದವರೂ ಮೊದಲು ನಡೆಸಿದವರೂ ನಿಯಾನ್‌ನ ಜನಕರೇ. ನಿಯಾನ್ ಫಲಕಗಳ ಬಗ್ಗೆ ಬರೆಯುವವರೆಲ್ಲ ಪ್ಯಾರಿಸ್ಸನ್ನು ನೆನೆಯುತ್ತಾರೆ. ಬೆಂಗಳೂರನ್ನು ಏಕೆ ಬಿಡುತ್ತಾರೋ!

● ನಿಯಾನ್‌ಗಾಗಿ ಗಣಿ ತೋಡಬೇಕಿಲ್ಲ, ಅದು ಗಾಳಿಯಲ್ಲೇ ಇದೆ. ಹತ್ತು ಲಕ್ಷ ಪಾಲಿನಲ್ಲಿ ಸುಮಾರು 18 ಪಾಲು. ಸೊರಬದ ಮನೆಯೊಂದರ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಈಗಲೂ ಅರ್ಧ ಲೀಟರಿಗಿಂತ ತುಸು ಹೆಚ್ಚೇ ನಿಯಾನ್ ತೇಲುತ್ತಿದೆ.

● ನಿಕ್ಸಿಯನ್ನು 1955ರಲ್ಲಿ ಮಾರುಕಟ್ಟೆಗೆ ತಂದದ್ದು ಅಮೆರಿಕದ ಬರೋಸ್ ಕಂಪನಿ. 1961ರಲ್ಲಿ ಬ್ರಿಟನ್ನಿನಲ್ಲಿ ಬಂದ 'ಅನಿತಾ' ಎಂಬ ಮೇಜಿನ ಲೆಕ್ಕಯಂತ್ರವೂ ಇಂಥ ಟ್ಯೂಬುಗಳಲ್ಲೇ ಉತ್ತರ ತೋರಿಸುತ್ತಿತ್ತು. ಅದೇ 1961ರಲ್ಲಿ ಇತ್ತ ಬೆಂಗಳೂರಿನ ಎಚ್‌ಎಂಟಿ, ಜಪಾನಿನ ಸಿಟಿಜನ್ ಜೊತೆಗೂಡಿ ಕೀಲಿ ಕೊಡುವ ಕೈಗಡಿಯಾರ ತಯಾರಿಸಲು ಶುರುಮಾಡಿತ್ತು. 1970ರ ದಶಕದಲ್ಲಿ ಅಗ್ಗದ ಎಲ್‌ಇಡಿ ಅಂಕಿಗಳು ಬಂದವು, ನಿಕ್ಸಿ ಗುಜರಿ ಸೇರಿತು. ಈಗ ಕೈಗೆ ಸಿಗುವ ಟ್ಯೂಬುಗಳಲ್ಲಿ ಬಹುಪಾಲು ಸೋವಿಯತ್ ಒಕ್ಕೂಟದ ಗೋದಾಮುಗಳಲ್ಲಿ ಉಳಿದುಹೋದ ಸರಕು. ಹೊಸದಾಗಿ ಕೈಯಿಂದಲೇ ಮಾಡುವವರೂ ಇದ್ದಾರೆ. ಚೆಕ್ ಗಣರಾಜ್ಯದ ದಾಲಿಬೋರ್ ಫಾರ್ನಿ ಅವರಲ್ಲಿ ಹೆಸರುವಾಸಿ.

● ಸೋವಿಯತ್ ಐಎನ್-12 ಟ್ಯೂಬಿನ 5ನ್ನು ಗಮನವಿಟ್ಟು ನೋಡಿ: ಅದು ತಲೆಕೆಳಗಾದ 2!

● ಅಂಕಿಗಳು ಒಳಗೆ 1, 2, 3 ಎಂದು ಸಾಲಾಗಿ ನಿಂತಿರುವುದಿಲ್ಲ. ಮುಂದಿನದು ಹಿಂದಿನದಕ್ಕೆ ಆದಷ್ಟು ಕಡಿಮೆ ಅಡ್ಡ ಬರಲಿ ಎಂದು ಕ್ರಮ ತಪ್ಪಿಸಿ ಜೋಡಿಸುತ್ತಾರೆ. ಹಾಗಾಗಿ ಪಕ್ಕದಿಂದ ನೋಡುವವರಿಗೆ ಸೆಕೆಂಡಿನ ಅಂಕಿ ಒಮ್ಮೆ ಗಾಜಿನ ಹತ್ತಿರ ಬಂದು, ಮರುಕ್ಷಣ ಹಿಂದೆ ಸರಿದಂತೆ ಕಾಣುತ್ತದೆ. ಚಪ್ಪಟೆ ಪರದೆ ಎಷ್ಟು ದುಬಾರಿಯದಾದರೂ ಈ ಆಳ ಬರುವುದಿಲ್ಲ.

● ಟ್ಯೂಬು ಹೊತ್ತಿಕೊಳ್ಳಲು ಸುಮಾರು 170 ವೋಲ್ಟ್ ಡಿಸಿ ಬೇಕು. ಹೊತ್ತಿದ ಮೇಲೆ 140ರ ಆಸುಪಾಸು ಸಾಕು. ಹೆಚ್ಚುವರಿ ವೋಲ್ಟನ್ನು ಒಂದು ರೆಸಿಸ್ಟರ್ ನುಂಗಬೇಕು, ಇಲ್ಲವಾದರೆ ಟ್ಯೂಬು ಮಿತಿಯಿಲ್ಲದೆ ಕರೆಂಟು ಎಳೆದು ಹಾಳಾಗುತ್ತದೆ. ಲೆಕ್ಕ ಹೈಸ್ಕೂಲಿನ ಓಮ್ ನಿಯಮದ್ದೇ: 180 ವೋಲ್ಟ್ ಕೊಟ್ಟು, ಟ್ಯೂಬಿಗೆ 140 ಬಿಟ್ಟು, ಉಳಿದ 40ನ್ನು 2.5 ಮಿಲಿಆಂಪಿಯರಿನಿಂದ ಭಾಗಿಸಿ. 16 ಕಿಲೋ ಓಮ್ ಬರುತ್ತದೆ. ಟೆಸ್ಟರಿನಲ್ಲೂ ಇಂಥದೇ ರೆಸಿಸ್ಟರ್ ಇದೆ, ಆದರೆ ಅದರ ರೋಧ ತೀರಾ ದೊಡ್ಡದು. ನಿಮ್ಮ ಬೆರಳಿನ ಮೂಲಕವೇ ಕರೆಂಟು ಹರಿದರೂ ಶಾಕ್ ಹೊಡೆಯದಿರುವುದು ಅದರಿಂದಲೇ.

● "ಮನೆಯಲ್ಲೇ 230 ವೋಲ್ಟ್ ಇದೆಯಲ್ಲ, ಡಯೋಡ್ ಹಾಕಿ ನೇರ ಕೊಟ್ಟರಾಯಿತು" ಎನ್ನುವ ಜಾಣರಿಗೊಂದು ಮಾತು. 230 ವೋಲ್ಟ್ ಎಸಿಯನ್ನು ಡಿಸಿಗೆ ತಿರುಗಿಸಿ ಕೆಪಾಸಿಟರಿಗೆ ತುಂಬಿದರೆ ಅದು 325 ವೋಲ್ಟ್‌ವರೆಗೆ ಏರುತ್ತದೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಕೈ ಹಾಕಬೇಡಿ. 12 ವೋಲ್ಟ್ ಅಡಾಪ್ಟರ್ ತಂದು, ಅದರ ಮುಂದೆ ವೋಲ್ಟೇಜ್ ಏರಿಸುವ ಸಣ್ಣ ಬೋರ್ಡ್ ಇಟ್ಟು 180ಕ್ಕೆ ಒಯ್ಯುವುದೇ ಸರಿಯಾದ ದಾರಿ. ಹಾಗೆಂದು ಈ 180 ವೋಲ್ಟೂ ಸೌಮ್ಯವಲ್ಲ. ಬೋರ್ಡನ್ನು ಪೆಟ್ಟಿಗೆಯೊಳಗೆ ಮುಚ್ಚಿಯೇ ಇಡಬೇಕು.

● ಇಷ್ಟೆಲ್ಲ ಅಬ್ಬರವಿದ್ದರೂ ನಾಲ್ಕು ಟ್ಯೂಬಿನ ಗಡಿಯಾರ ತಿನ್ನುವ ಕರೆಂಟು ಎಲ್ಲ ಸೇರಿ 3ರಿಂದ 4 ವ್ಯಾಟ್.

● ಹಳೆಯ ಕಾಲದ ಎಲೆಕ್ಟ್ರಿಕ್ ಗಡಿಯಾರಗಳು ಕರೆಂಟಿನ ಅಲೆಗಳನ್ನೇ ಎಣಿಸಿ ಹೊತ್ತು ತೋರಿಸುತ್ತಿದ್ದವು. ಸೆಕೆಂಡಿಗೆ 50ರಂತೆ ದಿನಕ್ಕೆ 43,20,000 ಅಲೆಗಳು. ನಿಕ್ಸಿ ಗಡಿಯಾರಕ್ಕೂ ಹೀಗೆ ಮಾಡಬಹುದು, ಆದರೆ ನಮ್ಮ ಸೀಮೆಯಲ್ಲಿ ಬೇಡ. ಗ್ರಿಡ್‌ನ ಕಂಪನ 49.90ರಿಂದ 50.05ರೊಳಗೆ ಇರಬೇಕೆಂಬುದು ನಿಯಮ. ಇಡೀ ದಿನ 49.90ರಲ್ಲೇ ನಿಂತಿತೆಂದುಕೊಳ್ಳಿ, ನಿಮ್ಮ ಗಡಿಯಾರ ಸಂಜೆಗಲ್ಲದಿದ್ದರೂ ಮರುದಿನಕ್ಕೆ ಮೂರು ನಿಮಿಷಕ್ಕೆ ಏಳು ಸೆಕೆಂಡು ಕಡಿಮೆ ಹಿಂದೆ ಬಿದ್ದಿರುತ್ತದೆ. 2018ರ ಆರಂಭದಲ್ಲಿ ಯುರೋಪಿಗೆ ಆದದ್ದೂ ಇದೇ. ಸರ್ಬಿಯಾ ಮತ್ತು ಕೊಸೊವೊ ನಡುವಿನ ವಿದ್ಯುತ್ ಜಗಳಕ್ಕೆ ಕಂಪನ ಕುಸಿದು, ಇಪ್ಪತ್ತಕ್ಕೂ ಹೆಚ್ಚು ದೇಶಗಳ ಅಡುಗೆಮನೆ ಗಡಿಯಾರಗಳು ಸುಮಾರು ಆರು ನಿಮಿಷ ಹಿಂದುಳಿದವು.

● ದಕ್ಷಿಣ ಭಾರತದ ಗ್ರಿಡ್ ಬಹುಕಾಲ ಒಂಟಿಯಾಗಿಯೇ ಮಿಡಿಯುತ್ತಿತ್ತು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟ್ ಲೈನು ಅದನ್ನು ದೇಶದ ಉಳಿದ ಗ್ರಿಡ್‌ಗೆ ಬೆಸೆಯಿತು. ಅಂದಿನಿಂದ ಸೊರಬದ ಪ್ಲಗ್ಗಿನಲ್ಲೂ ಶ್ರೀನಗರದ ಪ್ಲಗ್ಗಿನಲ್ಲೂ ಒಂದೇ ಕಂಪನ.

● ಸೊರಬದ ನೆರೆಯ ಸಾಗರ ತಾಲ್ಲೂಕಿನಲ್ಲೇ 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರವಿದೆ. ಆದರೂ ಆಷಾಢದ ಗಾಳಿಗೆ ಲೈನಿನ ಮೇಲೊಂದು ಮರ ಬಿದ್ದರೆ ಊರಿಗೆ ಊರೇ ಕತ್ತಲು. ದೀಪದ ಬುಡದಲ್ಲಿ ಎನ್ನುವ ಗಾದೆ ಹುಟ್ಟಿದ್ದು ಇಲ್ಲೇ ಇರಬೇಕು. ಹಾಗಾಗಿ ಮಲೆನಾಡಿನಲ್ಲಿ ಗಡಿಯಾರ ಕಟ್ಟುವವರು ಹೊತ್ತು ಎಣಿಸುವ ಕೆಲಸವನ್ನೂ ಬೆಳಗುವ ಕೆಲಸವನ್ನೂ ಬೇರೆ ಮಾಡಬೇಕು. ಎಣಿಸಲು ಡಿಎಸ್3231 ಎಂಬ ಚಿಪ್ಪು ಸಾಕು. ಅದರೊಳಗಿನ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಬಿಸಿಲು ಚಳಿಗೆ ತಕ್ಕಂತೆ ಚಿಪ್ಪು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷದ ವ್ಯತ್ಯಾಸ. ಕರೆಂಟು ಹೋದಾಗ ನಾಣ್ಯದಂಥ ಒಂದು ಸೆಲ್ಲಿನ ಮೇಲೆ ಎಣಿಕೆ ಮುಂದುವರಿಯುತ್ತದೆ. ಅಂಕಿಗಳು ಆರಿರುತ್ತವೆ, ಕರೆಂಟು ಬಂದೊಡನೆ ಸರಿಯಾದ ಹೊತ್ತಿಗೇ ಹೊತ್ತಿಕೊಳ್ಳುತ್ತವೆ. ಕತ್ತಲಲ್ಲೂ ಬೆಳಗಲೇಬೇಕು ಎನ್ನುವವರಿಗೆ ಯುಪಿಎಸ್‌ನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಲೆಕ್ಕದಲ್ಲಿ 20 ಗಂಟೆ ಬರುತ್ತದೆ. ಬ್ಯಾಟರಿಯ ಆಯುಷ್ಯದ ಮೇಲೆ ಕನಿಕರವಿದ್ದರೆ 10 ಗಂಟೆಗೇ ನಿಲ್ಲಿಸಿ.

● ಹಳೆಯ ಸ್ವಿಚ್‌ಬೋರ್ಡಿನ ಕೆಂಪು ಇಂಡಿಕೇಟರ್ ಮಿಣಮಿಣ ಎನ್ನುತ್ತದಲ್ಲ, ಅದು ನಿಯಾನ್ ಬಲ್ಬಿನ ಮುಪ್ಪು. ಬೆಳಗುವ ಲೋಹದಿಂದ ಕಣಗಳು ಸಿಡಿದು ಗಾಜಿಗೆ ಮೆತ್ತಿಕೊಳ್ಳುತ್ತವೆ. ನಿಕ್ಸಿಯಲ್ಲಿ ಈ ಕಾಯಿಲೆಗೆ ಇನ್ನೊಂದು ಮುಖವೂ ಇದೆ: ಬೆಳಗುವ ಅಂಕಿಯಿಂದ ಸಿಡಿದ ಲೋಹ, ಬೆಳಗದೆ ಸುಮ್ಮನಿರುವ ಅಂಕಿಗಳ ಮೇಲೆ ಕೂರುತ್ತದೆ. 24 ಗಂಟೆಯ ಗಡಿಯಾರದಲ್ಲಿ ಗಂಟೆಯ ಮೊದಲ ಟ್ಯೂಬು ತೋರಿಸುವುದು 0, 1, 2 ಮಾತ್ರ. ಉಳಿದ ಏಳು ಅಂಕಿಗಳಿಗೆ ವರ್ಷಗಟ್ಟಲೆ ಕೆಲಸವಿಲ್ಲ. ಮುಂದೊಂದು ದಿನ ಬೆಳಗಿಸಲು ಹೋದರೆ ಅರ್ಧ 7, ತುಂಡು 8 ಕಾಣುತ್ತದೆ. ಆದ್ದರಿಂದ ಒಳ್ಳೆಯ ಗಡಿಯಾರಗಳು ಆಗಾಗ ಎಲ್ಲ ಅಂಕಿಗಳನ್ನೂ ಒಂದು ಸುತ್ತು ಗಿರಗಿರ ಓಡಿಸುತ್ತವೆ. ನೋಡುವವರು ಷೋಕಿ ಎಂದುಕೊಳ್ಳುತ್ತಾರೆ, ಅದು ಔಷಧಿ.

● ಮೊದಮೊದಲ ಟ್ಯೂಬುಗಳ ಆಯುಷ್ಯ ಸುಮಾರು 5,000 ಗಂಟೆ, ಅಂದರೆ ಏಳು ತಿಂಗಳು. ಕೊನೆಕೊನೆಯವು 2 ಲಕ್ಷ ಗಂಟೆ ದಾಟಿದವು. ಆ ದೀರ್ಘಾಯುಷ್ಯದ ಹಿಂದಿರುವುದು ನಿಯಾನ್ ಜೊತೆ ಬೆರೆಸಿದ ಒಂದಿಷ್ಟು ಪಾದರಸ. ಕಿತ್ತಳೆಯ ಅಂಚಿನಲ್ಲಿ ತೆಳು ನೀಲಿ ಕಂಡರೆ ಅದು ಪಾದರಸದ್ದೇ. ಟ್ಯೂಬು ಒಡೆದರೆ ಬರಿಗೈಯಲ್ಲಿ ಬಳಿಯಬೇಡಿ.

● ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೀರೊಡೆಯುವ ಊರುಗಳಲ್ಲಿ 180 ವೋಲ್ಟಿನ ಬೋರ್ಡಿಗೂ ಥಂಡಿ ಹಿಡಿಯುತ್ತದೆ. ಬೆಸುಗೆ ಹಾಕಿದ ಮೇಲೆ ಉಳಿದ ಫ್ಲಕ್ಸ್ ತೇವ ಹೀರಿ, ಪಿನ್ನಿನಿಂದ ಪಿನ್ನಿಗೆ ಕರೆಂಟು ತೆವಳುತ್ತದೆ. ಆಗ 3ರ ಹಿಂದೆ ಮಸುಕಾದ ಇನ್ನೊಂದು ಅಂಕಿ ಇಣುಕುತ್ತದೆ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಒಣಗಿಸಿ, ಮೇಲೊಂದು ಕೋಟು ವಾರ್ನಿಶ್ ಹೊಡೆಯುವುದು ಮಲೆನಾಡಿನವರಿಗೆ ಕಡ್ಡಾಯ.

● ಪೆಟ್ಟಿಗೆಗೆ ಎಲ್ಲೂ ಅಲೆಯಬೇಕಿಲ್ಲ. ಸೊರಬ, ಸಾಗರದ ಗುಡಿಗಾರರು ಗಂಧದ ಮರದಲ್ಲಿ ಬಳ್ಳಿ, ಹಕ್ಕಿ ಬಿಡಿಸಿ ಪೆಟ್ಟಿಗೆ ಕೆತ್ತುವುದಕ್ಕೆ ತಲೆಮಾರುಗಳಿಂದ ಹೆಸರಾದವರು. ಸೋವಿಯತ್ ಗಾಜು, ಗುಡಿಗಾರರ ಮರ: ಇಂಥ ಜೋಡಿ ಮಾಸ್ಕೋದವರಿಗೂ ಸಿಗದು.

● ಗಡಿಯಾರವನ್ನು ಸೆಕೆಂಡಿಗೆ ಸರಿಯಾಗಿ ಹೊಂದಿಸಿದರೂ ಅದು ಶಿಕಾರಿಪುರದ ಸೂರ್ಯನ ಹೊತ್ತನ್ನು ತೋರಿಸುವುದಿಲ್ಲ. ಭಾರತದ ಸಮಯದ ರೇಖೆ 82.5 ಡಿಗ್ರಿ ಪೂರ್ವದಲ್ಲಿದೆ. ಶಿಕಾರಿಪುರ ಸುಮಾರು 75.35ರಲ್ಲಿ, ಸೊರಬ ಇನ್ನೂ ಕಾಲು ಡಿಗ್ರಿ ಪಶ್ಚಿಮಕ್ಕೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ. ಹಾಗಾಗಿ ಸೊರಬದ ಸೂರ್ಯ ಗಡಿಯಾರಕ್ಕಿಂತ ಸರಾಸರಿ ಅರ್ಧ ಗಂಟೆ ಹಿಂದೆ, ಅಂದರೆ 24 ನಿಮಿಷದ ಒಂದು ಗಳಿಗೆಗಿಂತಲೂ ಹೆಚ್ಚು. ಅಲ್ಲಿ ನಿಜವಾದ ನಡುಹಗಲು ನವೆಂಬರ್ ಆರಂಭದಲ್ಲಿ 12 ಗಂಟೆ 13 ನಿಮಿಷದ ಸುಮಾರಿಗೆ, ಫೆಬ್ರುವರಿ ನಡುವೆ 12 ಗಂಟೆ 44 ನಿಮಿಷದ ಸುಮಾರಿಗೆ. ಶಿಕಾರಿಪುರದವರಿಗೆ ವರ್ಷವಿಡೀ ಅದಕ್ಕಿಂತ ಒಂದು ನಿಮಿಷ ಮೊದಲು.

● ಆ್ಯಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ಮಣಿಕಟ್ಟಿಗೆ ಕಟ್ಟಿಕೊಳ್ಳುವುದೂ ನಿಕ್ಸಿ ಗಡಿಯಾರವನ್ನೇ. ಅದರಲ್ಲಿರುವುದು ಎರಡೇ ಟ್ಯೂಬು. ಕೈ ತಿರುಗಿಸಿದರೆ ಮೊದಲು ಗಂಟೆ, ಆಮೇಲೆ ನಿಮಿಷ.